ಅಳಿಸದೆ ಸೇರಿಸುವ ವಿದ್ಯೆ: ದೂರದ ಗಣಕದ ಕಡತಕ್ಕೆ ಬರೆಯುವ ಕ್ರಮ



ಪ್ರತಿಯೊಂದು ಶಾಲೆಯ ಕಚೇರಿಯಲ್ಲಿಯೂ ದಾಖಲಾತಿ ಪುಸ್ತಕವೊಂದು ಇರುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿಯ ಹೆಸರು ಅದರ ಕಡೆಯ ಸಾಲಿನ ಕೆಳಗೆ ಬರುತ್ತದೆ. ಹಳೆಯ ಸಾಲನ್ನು ಉಜ್ಜಿ ಅಳಿಸುವಂತಿಲ್ಲ, ಹಾಳೆಯನ್ನು ಹರಿಯುವಂತಿಲ್ಲ. ತಪ್ಪು ಕಂಡುಬಂದರೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಮುಖ್ಯೋಪಾಧ್ಯಾಯರು ರುಜು ಹಾಕುತ್ತಾರೆ. ಗಡಿನಾಡಿನ ಶಾಲೆಗಳಲ್ಲಿ ಈ ಪುಸ್ತಕದ ಬೆಲೆ ಇನ್ನೂ ಹೆಚ್ಚು. ಮಗುವಿನ ಮಾತೃಭಾಷೆ ಕನ್ನಡವೆಂದು ದಾಖಲಾದ ಒಂದು ಪದ, ಎಷ್ಟೋ ವರ್ಷಗಳ ಅನಂತರವೂ ಒಂದು ಊರಿನಲ್ಲಿ ಕನ್ನಡದ ಮಕ್ಕಳಿದ್ದರೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಈ ಪುಸ್ತಕದ ಶಿಸ್ತಿನಲ್ಲಿ ಒಂದು ಸೂಕ್ಷ್ಮವಾದ ವಿವೇಕ ಅಡಗಿದೆ. ಸೇರಿಸುವ ಅಧಿಕಾರ ಬೇರೆ, ಅಳಿಸುವ ಅಧಿಕಾರ ಬೇರೆ. ಮೊದಲನೆಯದನ್ನು ಅನೇಕರಿಗೆ ಕೊಡಬಹುದು. ಎರಡನೆಯದನ್ನು ಬಹಳ ಯೋಚಿಸಿ ಕೊಡಬೇಕು. ಕಾಗದದ ಪುಸ್ತಕದಲ್ಲಿ ಈ ಭೇದವನ್ನು ಶಾಯಿಯೂ ರುಜುವೂ ಕಾಯುತ್ತವೆ. ಕಣ್ಣಿಗೆ ಕಾಣದ ದೂರದ ಗಣಕದಲ್ಲಿರುವ ಕಡತದಲ್ಲಿ ಅದನ್ನು ಕಾಯುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಗಡಿಯ ಮೂರು ದಿಕ್ಕಿನ ಮೂರು ಕನ್ನಡ ಶಾಲೆಗಳು ತಮ್ಮ ಊರಿನ ಮಾತುಗಳನ್ನು ಸಂಗ್ರಹಿಸಲು ಹೊರಟಿವೆ. ಕಾಸರಗೋಡಿನ ಮಗು ‘ನೀರುಳ್ಳಿ’ ಎಂದು ಬರೆಯುತ್ತದೆ. ತಾಳವಾಡಿಯ ಮಗು ‘ಈರುಳ್ಳಿ’ ಎನ್ನುತ್ತದೆ. ಜತ್ತದ ಮಗು ‘ಉಳ್ಳಾಗಡ್ಡಿ’ ಎನ್ನುತ್ತದೆ. ಮೂರೂ ಒಂದೇ ಪದಾರ್ಥ, ಮೂರೂ ಕನ್ನಡ. ಈ ಎಲ್ಲ ಪದಗಳೂ ಸರ್ವರ್ ಎಂಬ ಒಂದು ದೂರದ ಗಣಕದ ಒಂದೇ ಕಡತಕ್ಕೆ ಹೋಗಿ ಸೇರಬೇಕು. ಪ್ರತಿ ಶಾಲೆಯವರೂ ತಮ್ಮ ಪದವನ್ನು ಸೇರಿಸುವಂತಿರಬೇಕು. ಆದರೆ ಯಾರ ಕೈತಪ್ಪಿನಿಂದಲೂ ಇತರರು ಕೂಡಿಸಿದ ಪದಗಳು ನಾಶವಾಗಬಾರದು.

ಇಂಥ ಕೆಲಸಕ್ಕೆ ಚಿತ್ರಗಳೂ ಗುಂಡಿಗಳೂ ತುಂಬಿದ ತೆರೆಯ ಅಗತ್ಯವಿಲ್ಲ. ಕಮಾಂಡ್ ಲೈನ್ ಎಂದು ಕರೆಯುವ ಆಜ್ಞಾಸಾಲು ಸಾಕು. ಅಕ್ಷರಗಳಷ್ಟೇ ಹರಿಯುವುದರಿಂದ ಹಳೆಯ ಗಣಕದಲ್ಲಿಯೂ ನಿಧಾನವಾದ ಸಂಪರ್ಕದಲ್ಲಿಯೂ ಅದು ನಡೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಗ್ನು ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಶಿಕ್ಷಕರಿಗೆ ಆಜ್ಞಾಸಾಲು ಪ್ರಯೋಗಾಲಯದಲ್ಲಿಯೇ ಸಿದ್ಧವಾಗಿದೆ. ವಿಂಡೋಸ್ ಬಳಸುವ ಕಡೆಗಳಲ್ಲಿಯೂ 2018ರಿಂದ ಈಚೆಗಿನ ವಿಂಡೋಸ್ 10ರಲ್ಲಿ ದೂರದ ಗಣಕವನ್ನು ತಲುಪುವ ಎಸ್ ಎಸ್ ಎಚ್ ಎಂಬ ಸಾಧನ ದೊರೆಯುತ್ತದೆ.

ಎಸ್ ಎಸ್ ಎಚ್ ಹುಟ್ಟಿದ ಕಥೆಯನ್ನು ಶಿಕ್ಷಕರು ತಿಳಿದಿರಬೇಕು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು, ಹಾದುಹೋಗುವ ಗುಪ್ತಪದಗಳನ್ನು ಸಂಗ್ರಹಿಸಿದರು. ಆ ಕಾಲದ ಸಂಪರ್ಕ ವಿಧಾನಗಳಲ್ಲಿ ಗುಪ್ತಪದ ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತಿತ್ತು. ಇದನ್ನು ಕಂಡ ತಾತು ಯ್ಲೊನೆನ್ ಎಂಬ ಸಂಶೋಧಕರು 1995ರಲ್ಲಿ, ಎರಡು ಗಣಕಗಳ ನಡುವಿನ ಮಾತನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಈ ಸಾಧನವನ್ನು ರಚಿಸಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಓಪನ್ ಎಸ್ ಎಸ್ ಎಚ್ 1999ರಲ್ಲಿ ಹೊರಬಂದಿತು.

ಇನ್ನು ಸೇರಿಸುವ ಕ್ರಿಯೆಗೆ ಬರಬಹುದು. ಇಲ್ಲಿ ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚು ಮಾಡಬೇಕು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯ ಪರಂಪರೆಯಲ್ಲಿ, ಬಳಕೆದಾರನ ಆಜ್ಞೆಯನ್ನು ಓದಿ ನಡೆಸಿಕೊಡುವ ಕಾರ್ಯಕ್ರಮಕ್ಕೆ ಶೆಲ್ ಎಂದು ಹೆಸರು. ಒಂದು ಆಜ್ಞೆಯ ಫಲವನ್ನು ತೆರೆಯ ಬದಲು ಕಡತಕ್ಕೆ ಕಳುಹಿಸಲು ಬಲಕ್ಕೆ ತಿರುಗಿದ ಬಾಣದ ಗುರುತನ್ನು ಬಳಸುತ್ತಾರೆ. ಅದರಲ್ಲಿ ಎರಡು ಬಗೆ. ಒಂಟಿ ಬಾಣ ‘>’ ಕಡತವನ್ನು ಮೊದಲು ಬರಿದು ಮಾಡಿ ಅನಂತರ ಬರೆಯುತ್ತದೆ. ಜೋಡಿ ಬಾಣ ‘>>’ ಇರುವುದನ್ನು ಹಾಗೆಯೇ ಬಿಟ್ಟು ಕೊನೆಗೆ ಸೇರಿಸುತ್ತದೆ.

ಎರಡಕ್ಕೂ ಇರುವ ಅಂತರ ಒಂದು ಗುರುತು ಮಾತ್ರ. ಆದರೆ ಆ ಒಂದು ಗುರುತು ಬಿಟ್ಟುಹೋದರೆ ಮೂರು ಶಾಲೆಗಳ ವರ್ಷದ ಶ್ರಮ ಕ್ಷಣದಲ್ಲಿ ಹೋಗುತ್ತದೆ. ಒಂಟಿ ಬಾಣವನ್ನು ಕಂಡೊಡನೆ ಶೆಲ್ ಕಡತವನ್ನು ಬರಿದು ಮಾಡುತ್ತದೆ; ಆಜ್ಞೆ ಓಡುವುದು ಆಮೇಲೆ. ಆದುದರಿಂದ ಆಜ್ಞೆಯ ಹೆಸರನ್ನೇ ತಪ್ಪಾಗಿ ಬರೆದು ಅದು ಓಡದೆ ಹೋದರೂ ಕಡತ ಮಾತ್ರ ಬರಿದಾಗಿರುತ್ತದೆ. ಮರುಪ್ರಶ್ನೆಯಿಲ್ಲ, ಎಚ್ಚರಿಕೆಯ ಗಂಟೆಯಿಲ್ಲ.

ದೂರದ ಗಣಕವಾದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಬಾಣವನ್ನು ಪಾಲಿಸುವವರು ಯಾರು? ತನ್ನ ಮುಂದಿರುವ ಗಣಕವೋ, ದೂರದ ಗಣಕವೋ? ಎಸ್ ಎಸ್ ಎಚ್ ಆಜ್ಞೆಯ ಸಾಲಿನಲ್ಲಿ ಜೋಡಿ ಬಾಣವನ್ನು ಬಿಡಿಯಾಗಿ ಬರೆದರೆ ಅದನ್ನು ಮೊದಲು ಓದುವುದು ಹತ್ತಿರದ ಶೆಲ್. ಪದಗಳು ಶಾಲೆಯ ಗಣಕದಲ್ಲಿಯೇ ಉಳಿದ ಇನ್ನೊಂದು ಕಡತಕ್ಕೆ ಸೇರಿಬಿಡುತ್ತವೆ. ಬಾಣವಿರುವ ಭಾಗವನ್ನು ಉದ್ಧರಣ ಚಿಹ್ನೆಯ ಒಳಗಿಟ್ಟರೆ ಹತ್ತಿರದ ಶೆಲ್ ಅದನ್ನು ತೆರೆಯದೆ ದಾಟಿಸುತ್ತದೆ. ದೂರದ ಶೆಲ್ ಅದನ್ನು ಓದಿ ಪಾಲಿಸುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಅಂಚೆಯ ದೃಷ್ಟಾಂತದಿಂದ ತಿಳಿಸಬಹುದು. ಲಕೋಟೆಯ ಹೊರಗೆ ಬರೆದ ಮಾತು ಅಂಚೆಯವನಿಗೆ. ಒಳಗಿಟ್ಟ ಮಾತು ವಿಳಾಸದಾರನಿಗೆ. ಉದ್ಧರಣ ಚಿಹ್ನೆಯೇ ಇಲ್ಲಿ ಲಕೋಟೆ.

ಇಷ್ಟರಿಂದ ಸೇರಿಸುವ ದಾರಿ ತಿಳಿಯಿತು. ಆದರೆ ಅಳಿಸುವ ದಾರಿ ಇನ್ನೂ ತೆರೆದೇ ಇದೆ. ಅದನ್ನು ಮುಚ್ಚಲು ಸರ್ವರಿನ ನಿರ್ವಾಹಕರು ಮೂರು ಬಗೆಯ ಕಟ್ಟುಗಳನ್ನು ಬಳಸಬಲ್ಲರು.

ಮೊದಲನೆಯದು ನಿರ್ಬಂಧಿತ ಶೆಲ್. ಬ್ಯಾಷ್ ಎಂಬ ಪ್ರಸಿದ್ಧ ಶೆಲ್ಲಿಗೆ ಇಂಥ ಒಂದು ರೂಪವಿದೆ. ಇದರೊಳಗೆ ಬಂದವರು ಬೇರೆ ಕಡತಕೋಶಕ್ಕೆ ಹೋಗಲಾರರು. ದಾರಿಯನ್ನು ಸೂಚಿಸುವ ಓರೆಗೆರೆಯಿಂದ ಆಜ್ಞೆಯನ್ನು ಕರೆಯಲಾರರು. ಆಜ್ಞೆಗಳನ್ನು ಹುಡುಕುವ ಹಾದಿಯನ್ನು ಬದಲಿಸಲಾರರು. ಮುಖ್ಯವಾಗಿ, ಫಲವನ್ನು ಕಡತಕ್ಕೆ ತಿರುಗಿಸುವ ಬಾಣವನ್ನು ಬಳಸಲಾರರು. ಒಂಟಿ ಬಾಣದೊಂದಿಗೆ ಜೋಡಿ ಬಾಣವೂ ಇಲ್ಲಿ ನಿಷಿದ್ಧ. ಅಳಿಸುವುದನ್ನು ತಡೆಯಲು ಹೋಗಿ ಸೇರಿಸುವುದನ್ನೂ ತಡೆದಂತಾಯಿತು.

ಈ ಬಿಕ್ಕಟ್ಟಿಗೆ ಒಂದು ಹಳೆಯ ಪರಿಹಾರವಿದೆ. ಅದು ‘ಟೀ’ ಎಂಬ ಆಜ್ಞೆ. ಬರೆಯುವುದು ಟಿ, ಇ, ಇ ಎಂಬ ಮೂರು ರೋಮನ್ ಅಕ್ಷರಗಳಿಂದ. ನಲ್ಲಿ ಕೆಲಸದವರು ಒಂದು ಕೊಳವೆಯ ನೀರನ್ನು ಎರಡಾಗಿ ಒಡೆಯಲು ಹಾಕುವ ‘ಟೀ’ ಎಂಬ ಜೋಡಣೆಯಿಂದಲೇ ಇದಕ್ಕೆ ಆ ಹೆಸರು ಬಂದಿದೆ. ತನ್ನೊಳಗೆ ಬಂದ ಅಕ್ಷರಗಳನ್ನು ಇದು ಒಂದು ಕಡೆ ಕಡತಕ್ಕೂ ಇನ್ನೊಂದು ಕಡೆ ತೆರೆಗೂ ಹರಿಸುತ್ತದೆ. ಕಡತವನ್ನು ತೆರೆಯುವುದು ಶೆಲ್ ಅಲ್ಲ, ಟೀ ಆಜ್ಞೆಯೇ. ಆದುದರಿಂದ ಬಾಣದ ಮೇಲಿನ ನಿಷೇಧ ಇದಕ್ಕೆ ತಗಲುವುದಿಲ್ಲ. ಇದರ ಮುಂದೆ ಒಂದು ಕಿರುಗೆರೆಯನ್ನೂ ‘ಎ’ ಎಂಬ ರೋಮನ್ ಅಕ್ಷರವನ್ನೂ ಇಟ್ಟರೆ ಅದು ಕೊನೆಗೆ ಸೇರಿಸುತ್ತದೆ. ಆ ‘ಎ’ ಬಿಟ್ಟುಹೋದರೆ ಮಾತ್ರ ಒಂಟಿ ಬಾಣದಂತೆಯೇ ಹಳೆಯದನ್ನು ಅಳಿಸಿ ಬರೆಯುತ್ತದೆ. ಹಾಗಾಗಿ ನಿರ್ಬಂಧಿತ ಶೆಲ್ ಒಂದನ್ನೇ ನಂಬಿ ಕೂರುವುದು ವಿವೇಕವಲ್ಲ. ಬಾಗಿಲನ್ನು ಮುಚ್ಚಿ ಕಿಟಕಿಯನ್ನು ತೆರೆದಿಟ್ಟಂತೆ ಆಗುತ್ತದೆ.

ಎರಡನೆಯ ಕಟ್ಟು ಇದಕ್ಕಿಂತ ಬಲವಾದದ್ದು. ಎಸ್ ಎಸ್ ಎಚ್‌ನಲ್ಲಿ ಗುಪ್ತಪದದ ಬದಲು ಕೀಲಿಗಳ ಜೋಡಿಯನ್ನು ಬಳಸಬಹುದು. ಖಾಸಗಿ ಕೀಲಿ ಶಾಲೆಯ ಗಣಕದಲ್ಲಿರುತ್ತದೆ. ಬಹಿರಂಗ ಕೀಲಿಯನ್ನು ಸರ್ವರಿನ ಅನುಮತಿ ಕಡತದಲ್ಲಿ ಒಂದು ಸಾಲಾಗಿ ಬರೆದಿಡುತ್ತಾರೆ. ಆ ಸಾಲಿನ ಮೊದಲಿಗೆ, ಈ ಕೀಲಿಯೊಂದಿಗೆ ಬಂದವರಿಗೆ ಇಂಥ ಒಂದು ಆಜ್ಞೆ ಮಾತ್ರ ನಡೆಯಲಿ ಎಂದು ಗೊತ್ತುಪಡಿಸಬಹುದು. ಪದಕೋಶದ ಕಡತಕ್ಕೆ ಕೊನೆಯಲ್ಲಿ ಸೇರಿಸುವ ಆಜ್ಞೆಯನ್ನು ಅಲ್ಲಿ ಬರೆದಿಟ್ಟರೆ, ಆ ಶಾಲೆಯವರು ತಮ್ಮ ಕಡೆಯಿಂದ ಏನನ್ನೇ ಬೆರಳಚ್ಚು ಮಾಡಿದರೂ ಸರ್ವರಿನಲ್ಲಿ ಓಡುವುದು ಅದೊಂದೇ. ‘ರಿಸ್ಟ್ರಿಕ್ಟ್’ ಎಂಬ ಇನ್ನೊಂದು ಪದವನ್ನು ಜೊತೆಗೆ ಬರೆದರೆ ಸಂಪರ್ಕದ ಇತರ ಸವಲತ್ತುಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಈ ಸೌಲಭ್ಯ 2016ರಲ್ಲಿ ಓಪನ್ ಎಸ್ ಎಸ್ ಎಚ್‌ಗೆ ಸೇರಿತು. ಬಾಣವನ್ನು ತಪ್ಪಾಗಿ ಬರೆಯುವ ಅವಕಾಶವೇ ಆಗ ಶಾಲೆಯವರಿಗೆ ಇರುವುದಿಲ್ಲ. ಹುಂಡಿಯ ಸೀಳಿನಲ್ಲಿ ನಾಣ್ಯವನ್ನು ಹಾಕಬಹುದು, ತೆಗೆಯಲಾಗದು. ಈ ಕೀಲಿಯೂ ಅಂಥದೇ.

ಇಲ್ಲಿ ನಿರ್ವಾಹಕರು ನೆನಪಿಡಬೇಕಾದ ಸಂಗತಿಯೊಂದಿದೆ. ಹೊಸ ಶಾಲೆಯ ಕೀಲಿಯನ್ನು ಅನುಮತಿ ಕಡತಕ್ಕೆ ಬರೆಯುವುದೂ ಸೇರಿಸುವ ಕೆಲಸವೇ. ಅಲ್ಲಿ ಜೋಡಿ ಬಾಣದ ಬದಲು ಒಂಟಿ ಬಾಣ ಬಿದ್ದರೆ ಹಿಂದಿನ ಎಲ್ಲ ಶಾಲೆಗಳ ಕೀಲಿಗಳೂ ಅಳಿದು, ನಿರ್ವಾಹಕರೂ ಹೊರಗೆ ಉಳಿಯಬಹುದು.

ಮೂರನೆಯ ಕಟ್ಟು ಕಡತಕ್ಕೇ ಹಾಕುವಂಥದು. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ‘ಸೇರಿಕೆ ಮಾತ್ರ’ ಎಂಬ ಲಕ್ಷಣವನ್ನು ಒಂದು ಕಡತಕ್ಕೆ ಕೊಡಬಹುದು. ಅನಂತರ ಆ ಕಡತದ ಒಡೆಯನೂ ಅದನ್ನು ಬರಿದು ಮಾಡಲಾರ, ಅಳಿಸಲಾರ, ಹೆಸರನ್ನೂ ಬದಲಿಸಲಾರ. ಕೊನೆಗೆ ಸೇರಿಸುವುದೊಂದೇ ಸಾಧ್ಯ. ಈ ಲಕ್ಷಣವನ್ನು ಹಾಕುವ, ತೆಗೆಯುವ ಅಧಿಕಾರ ಮುಖ್ಯ ನಿರ್ವಾಹಕನದು. ಆದರೂ ಯಂತ್ರದ ಡಿಸ್ಕ್ ಕೆಟ್ಟರೆ ಯಾವ ಲಕ್ಷಣವೂ ಕಾಯದು. ಆದುದರಿಂದ ಬೇರೆ ಕಡೆಯಲ್ಲಿ ಒಂದು ಪ್ರತಿ ಇರಲೇಬೇಕು.

ಕಡತ ಭದ್ರವಾದರೂ ಅದಕ್ಕೆ ಸೇರುವ ಕನ್ನಡ ಸರಿಯಾಗಿರಬೇಕಷ್ಟೆ. ಇಲ್ಲಿ ಕನ್ನಡ ಶಿಕ್ಷಕರು ಇತರರಿಗಿಂತ ಹೆಚ್ಚು ಎಚ್ಚರ ವಹಿಸಬೇಕಾಗಿದೆ. ಗಣಕವು ಅಕ್ಷರಗಳನ್ನು ಬೈಟ್ ಎಂಬ ಅಂಕಿಗಳಾಗಿ ಸಾಗಿಸುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಯುನಿಕ್ಸನ್ನು ಕಟ್ಟಿದವರಲ್ಲಿ ಥಾಂಪ್ಸನ್ ಪ್ರಮುಖರು. ಈ ಕ್ರಮದಲ್ಲಿ ರೋಮನ್ ಲಿಪಿಯ ಸಾಮಾನ್ಯ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಈರುಳ್ಳಿ’ ಎಂಬಲ್ಲಿ ಈ, ರ, ಉಕಾರದ ಚಿಹ್ನೆ, ಳ, ವಿರಾಮ ಚಿಹ್ನೆ, ಳ, ಇಕಾರದ ಚಿಹ್ನೆ ಎಂದು ಏಳು ಸಂಕೇತಗಳು, ಅಂದರೆ 21 ಬೈಟ್. ‘ನೀರುಳ್ಳಿ’ಗೆ 24, ‘ಉಳ್ಳಾಗಡ್ಡಿ’ಗೆ 30. ಸಂಪರ್ಕ ನಡುವೆ ಕಡಿದರೆ ಒಂದು ಸಂಕೇತ ಮೂರರಲ್ಲಿ ಎರಡೇ ಬೈಟಿಗೆ ನಿಂತುಹೋಗಿ ಓದಲಾಗದ ಗುರುತಾಗಬಹುದು.

ಇದಕ್ಕಿಂತ ಸಾಮಾನ್ಯವಾದ ದೋಷಗಳು ಮೂರು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಹಾಗೆಯೇ ಕಳುಹಿಸುವುದು ಒಂದು. ಅಲ್ಲಿ ಒಳಗಿರುವುದು ರೋಮನ್ ಸಂಕೇತಗಳು. ಕನ್ನಡವಾಗಿ ತೋರಿಸುತ್ತಿದ್ದುದು ಆ ಅಕ್ಷರವಿನ್ಯಾಸ ಮಾತ್ರ. ಯುನಿಕೋಡ್ ಕಡತಕ್ಕೆ ಸೇರಿದೊಡನೆ ಅದು ಅರ್ಥವಿಲ್ಲದ ಸಾಲಾಗುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಯೇ ಕಳುಹಿಸಬೇಕು.

ಎರಡನೆಯದು ವಿಂಡೋಸಿನ ಹಳೆಯ ಪವರ್‌ಶೆಲ್‌ನಲ್ಲಿ ಕಾಣುವ ದೋಷ. ಅದರ 5.1ನೆಯ ಆವೃತ್ತಿ, ಹೊರಗಿನ ಕಾರ್ಯಕ್ರಮವೊಂದಕ್ಕೆ ಪಠ್ಯವನ್ನು ಹರಿಸುವಾಗ, ಬೇರೆ ಏರ್ಪಾಡು ಮಾಡದಿದ್ದರೆ, ರೋಮನ್ ಅಲ್ಲದ ಪ್ರತಿಯೊಂದು ಸಂಕೇತವನ್ನೂ ಪ್ರಶ್ನಾರ್ಥಕ ಚಿಹ್ನೆಯಾಗಿ ಬದಲಿಸುತ್ತದೆ. ‘ಉಳ್ಳಾಗಡ್ಡಿ’ ಎಂದು ಕಳುಹಿಸಿದರೆ ಕಡತಕ್ಕೆ ಸೇರುವುದು ಹತ್ತು ಪ್ರಶ್ನಾರ್ಥಕ ಚಿಹ್ನೆಗಳು. ದೋಷದ ಸೂಚನೆಯೂ ಬರುವುದಿಲ್ಲ. ಪದವನ್ನು ಮೊದಲೇ ಯುಟಿಎಫ್-8 ಕಡತವಾಗಿ ಉಳಿಸಿಕೊಂಡು, ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಎಡಕ್ಕೆ ತಿರುಗಿದ ಬಾಣದಿಂದ ಆ ಕಡತವನ್ನು ಎಸ್ ಎಸ್ ಎಚ್ ಆಜ್ಞೆಗೆ ಊಡಿಸಿದರೆ ಈ ಅಪಾಯ ತಪ್ಪುತ್ತದೆ.

ಮೂರನೆಯದು ಸಾಲಿನ ಕೊನೆ. ಕಳುಹಿಸಿದ ಪಠ್ಯದ ತುದಿಯಲ್ಲಿ ಹೊಸಸಾಲಿನ ಗುರುತಿಲ್ಲದಿದ್ದರೆ ಮುಂದೆ ಬಂದ ಶಾಲೆಯ ಪದ ಅದಕ್ಕೇ ಅಂಟಿಕೊಳ್ಳುತ್ತದೆ. ‘ಈರುಳ್ಳಿ’ಯೂ ‘ನೀರುಳ್ಳಿ’ಯೂ ಕೂಡಿ ಯಾವ ಊರಿನಲ್ಲಿಯೂ ಇಲ್ಲದ ಒಂದು ಪದ ಹುಟ್ಟುತ್ತದೆ. ಪ್ರತಿ ಸಾಲಿನ ಕೊನೆಗೆ ಎಂಟರ್ ಕೀಲಿಯನ್ನು ಒತ್ತಿ ಮುಗಿಸುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

ಸಂಪರ್ಕ ಆಗಾಗ ಕಡಿಯುವ ಊರುಗಳಲ್ಲಿ ಮತ್ತೊಂದು ತೊಡಕಿದೆ. ಪದ ಕಳುಹಿಸಿದ ಕ್ಷಣದಲ್ಲಿಯೇ ಜಾಲ ನಿಂತರೆ ಅದು ತಲುಪಿತೋ ಇಲ್ಲವೋ ತಿಳಿಯದು. ಮತ್ತೆ ಕಳುಹಿಸಿದರೆ ಒಂದೇ ಪದ ಎರಡು ಬಾರಿ ಸೇರಬಹುದು. ಅಳಿಸಿ ಬರೆಯುವ ಕೆಲಸವನ್ನು ಎರಡು ಬಾರಿ ಮಾಡಿದರೂ ಫಲ ಒಂದೇ. ಸೇರಿಸುವ ಕೆಲಸ ಹಾಗಲ್ಲ. ಇದಕ್ಕೆ ಪರಿಹಾರವೂ ದಾಖಲಾತಿ ಪುಸ್ತಕದಲ್ಲಿಯೇ ಇದೆ. ಪ್ರತಿ ಸಾಲಿಗೂ ಶಾಲೆಯ ಗುರುತು, ದಿನಾಂಕ, ಕ್ರಮಸಂಖ್ಯೆ ಇರಲಿ. ಒಂದೇ ಕ್ರಮಸಂಖ್ಯೆ ಎರಡು ಬಾರಿ ಕಂಡರೆ ಅದು ಮರುಪ್ರತಿಯೆಂದು ಯಾರಿಗಾದರೂ ತಿಳಿಯುತ್ತದೆ. ತಿದ್ದುಪಡಿಯೂ ಹೀಗೆಯೇ. ಮೊದಲಿನ ಸಾಲನ್ನು ಮುಟ್ಟದೆ, ಇಂಥ ಕ್ರಮಸಂಖ್ಯೆಯ ಪದಕ್ಕೆ ಇದು ತಿದ್ದುಪಡಿ ಎಂಬ ಹೊಸ ಸಾಲನ್ನು ಕೊನೆಗೆ ಸೇರಿಸಬೇಕು. ಯಾರು ಏನನ್ನು ಮೊದಲು ಬರೆದಿದ್ದರು, ಅನಂತರ ಏನಾಯಿತು ಎಂಬ ಚರಿತ್ರೆಯೂ ಆಗ ಉಳಿಯುತ್ತದೆ.

ಟೀ ಆಜ್ಞೆ ಪದವನ್ನು ಹಿಂದಿರುಗಿಸಿ ತೆರೆಯಲ್ಲಿ ತೋರಿಸುತ್ತದೆ. ಪದ ಸರ್ವರನ್ನು ತಲುಪಿತೆಂಬುದಕ್ಕೆ ಅದು ಗುರುತು. ಕಡತದಲ್ಲಿ ದಾಖಲಾಯಿತೆಂಬುದಕ್ಕೆ ಅದೊಂದೇ ಪ್ರಮಾಣವಲ್ಲ. ಡಿಸ್ಕ್ ತುಂಬಿದ್ದರೆ ಅಥವಾ ಅನುಮತಿಯಿಲ್ಲದಿದ್ದರೆ ಪದವೂ ಕಾಣುತ್ತದೆ, ಜೊತೆಗೆ ದೋಷದ ಒಂದು ಸಾಲೂ ಕಾಣುತ್ತದೆ. ಪದವನ್ನು ಕಂಡು ಸಂತೋಷಪಟ್ಟು ಆ ಸಾಲನ್ನು ಓದದೆ ಬಿಡಬಾರದು.

ತರಗತಿಯಲ್ಲಿ ಇದನ್ನು ಕಲಿಸಲು ಸರ್ವರ್ ಬೇಕಿಲ್ಲ. ಒಂದು ಗಣಕ ಸಾಕು. ಮಕ್ಕಳು ಮನೆಯಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಮೂರು ಪದಗಳನ್ನು ತರಲಿ. ಜೋಡಿ ಬಾಣದಿಂದ ಅವನ್ನು ಒಂದೊಂದಾಗಿ ಕಡತಕ್ಕೆ ಸೇರಿಸಲಿ. ಪ್ರತಿ ಬಾರಿಯೂ ‘ಕ್ಯಾಟ್’ ಆಜ್ಞೆಯಿಂದ ಕಡತವನ್ನು ತೆರೆದು ನೋಡಲಿ. ಅನಂತರ ಒಬ್ಬ ವಿದ್ಯಾರ್ಥಿ ಬೇಕೆಂದೇ ಒಂಟಿ ಬಾಣದಿಂದ ನಾಲ್ಕನೆಯ ಪದವನ್ನು ಬರೆಯಲಿ. ಮೂರೂ ಪದಗಳು ಕಾಣೆಯಾದಾಗ ತರಗತಿಯಲ್ಲಿ ಮೂಡುವ ಮೌನವೇ ಪಾಠದ ಅರ್ಧಭಾಗ. ಮೂರು ಪದಗಳನ್ನು ಮತ್ತೆ ಬರೆಯಬಹುದು, ಅಜ್ಜಿ ಮನೆಯಲ್ಲಿದ್ದಾರೆ. ಅಜ್ಜಿ ಇಲ್ಲದ ಕಾಲದಲ್ಲಿ ಮೂರು ಸಾವಿರ ಪದಗಳು ಹೋದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಲಿ. ನಿರ್ಬಂಧ ಏಕೆ ಬೇಕೆಂಬುದನ್ನು ಮಕ್ಕಳೇ ಹೇಳುತ್ತಾರೆ.

ಮಕ್ಕಳ ಕೀಲಿಗೆ ಕಟ್ಟು ಹಾಕುವುದೆಂದರೆ ಅವರನ್ನು ನಂಬದಿರುವುದೇ ಎಂದು ಕೆಲವರು ಕೇಳಬಹುದು. ಉತ್ತರ ಅದಕ್ಕೆ ವಿರುದ್ಧವಾಗಿದೆ. ಕಟ್ಟಿಲ್ಲದ ಕೀಲಿಯನ್ನು ಒಬ್ಬರಿಗೋ ಇಬ್ಬರಿಗೋ ಮಾತ್ರ ಕೊಡಲು ಧೈರ್ಯವಾದೀತು. ಸೇರಿಸಲು ಮಾತ್ರ ಬರುವ ಕೀಲಿಯನ್ನು ಐದನೆಯ ತರಗತಿಯ ಮಗುವಿನ ಕೈಗೂ ಕೊಡಬಹುದು. ಆ ಮಗು ತಪ್ಪು ಮಾಡಿದರೆ ಒಂದು ತಪ್ಪು ಸಾಲು ಸೇರುತ್ತದೆ. ಬೇರೆ ಊರಿನ ಮಗು ಬರೆದ ಸಾಲು ಅಳಿಯುವುದಿಲ್ಲ. ತಪ್ಪು ಮಾಡಲು ಹೆದರದೆ ಬರೆಯುವ ಅವಕಾಶವನ್ನು ಆ ಕಟ್ಟು ಎಲ್ಲರಿಗೂ ತೆರೆಯುತ್ತದೆ.

ರಾಜಧಾನಿಗಳಿಂದ ದೂರವಿರುವ ಗಡಿನಾಡಿನ ಶಾಲೆಗಳಿಗೆ ಕನ್ನಡದ ದೊಡ್ಡ ಗ್ರಂಥಗಳನ್ನು ತಿದ್ದುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಸೇರಿಸುವ ಅಧಿಕಾರವನ್ನು ಯಾರೂ ಕಸಿದಿಲ್ಲ. ಜತ್ತದ ಉಳ್ಳಾಗಡ್ಡಿಯೂ ಕಾಸರಗೋಡಿನ ನೀರುಳ್ಳಿಯೂ ತಾಳವಾಡಿಯ ಈರುಳ್ಳಿಯೂ ಒಂದರ ಕೆಳಗೊಂದು, ಒಂದನ್ನೊಂದು ಅಳಿಸದೆ, ಒಂದೇ ಕಡತದಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ಶಿಕ್ಷಕರ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಜೋಡಿ ಬಾಣ, ಒಂದು ಹೊಸಸಾಲು ಮತ್ತು ದಾಖಲಾತಿ ಪುಸ್ತಕ ಕಲಿಸಿದ ಹಳೆಯ ಶಿಸ್ತು.